ಬಾನೆಟ್ ಮುಂದೆ ನಿಂತ ವೈನಿ

ಮೊನ್ನೆ ಬೈಲಹೊಂಗಲದ ನಮ್ಮ ಆಸ್ಪತ್ರೆಯ ಹಿಂದೆ, ಗಾಡಿ ನಿಲ್ಲಿಸುವ ತಗಡಿನ ಚಪ್ಪರದ ಕೆಳಗೆ, ವಯಸ್ಸಾದವರೊಬ್ಬರು ತಮ್ಮ ಹಳೇ ಸ್ಕೂಟರನ್ನು ಒದ್ದು ಒದ್ದು ಬೆವೆತು ಹೋಗಿದ್ದರು. ಅದು ಚಾಲೂ ಆಗಲೊಲ್ಲದು. ಸೋತು ಅದನ್ನು ಒಂದು ಮಗ್ಗುಲಿಗೆ ವಾಲಿಸಿದಾಗ ಅಡಿಯಿಂದ ಪೆಟ್ರೋಲು ತೊಟ್ಟಿಕ್ಕಿ ಸಿಮೆಂಟಿನ ನೆಲದ ಮೇಲೆ ಹರಡಿತು. ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಹಸಿ ಪೆಟ್ರೋಲಿನ ಆ ವಾಸನೆ... ಬೇರೆಯವರಿಗೆ ಅದು ಪೆಟ್ರೋಲ್ ಪಂಪಿನ ವಾಸನೆ. ನನಗೆ ಅದು ಒಬ್ಬ ಹೆಂಗಸಿನ ಸೆರಗಿನ ವಾಸನೆ. ರಾಮದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ವೈನಿಯ ಸೆರಗಿನದು.

ವೈನಿ ನನಗೆ ಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲ. ಓಣಿಯವರೆಲ್ಲ ಅವರ ಗಂಡನನ್ನು ಅಣ್ಣಾರು ಎನ್ನುತ್ತಿದ್ದರು; ಹಾಗಾಗಿ ಅವರು ಎಲ್ಲರಿಗೂ ವೈನಿ. ನಾನು ಸಂಪಗಾಂವದವಳು. ಆಗ ರಾಮದುರ್ಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಮ್ಮ ಮನೆಯವರು ಸರಕಿನ ಟೆಂಪೋ ಓಡಿಸುತ್ತಿದ್ದರು. ಹೊಳೆಗೆ ಹತ್ತಿರದ ಆ ಓಣಿಯಲ್ಲಿ ನಡುಮನೆಯ ಗೋಡೆಗೆ ಬುದ್ಧನ ಪಟ ಹಾಕಿಕೊಂಡ ಮನೆ ನಮ್ಮದೊಂದೇ. ಅಣ್ಣಾರದು ಪೂಜೆ, ಪುರಾಣ, ಪಾಠ ಎಂದು ತಲೆಮಾರುಗಳಿಂದ ಬಂದ ಮನೆತನ. ಮೊದಲ ವರ್ಷ ವೈನಿ ನಮ್ಮ ಹೊಸ್ತಿಲು ದಾಟಿರಲಿಲ್ಲ, ನಾವೂ ಕರೆದಿರಲಿಲ್ಲ. ಗೋಡೆಯ ಆಚೆಯಿಂದ ನಕ್ಕು ಮಾತಾಡುತ್ತಿದ್ದರು, ಅಷ್ಟೇ.

ಅಣ್ಣಾರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಮನೆಯ ಮುಂದಿನ ಅಂಗಳದ ನಟ್ಟನಡುವೆ ಒಂದು ಕಪ್ಪು ಕಾರು ನಿಂತಿರುತ್ತಿತ್ತು. ಸಂಸ್ಥಾನದ ಕಾಲದಲ್ಲಿ ಅವರ ತಂದೆ ವೈದ್ಯರಾಗಿದ್ದರಂತೆ. ಹಳ್ಳಿಗಳಿಗೆ ಹೋಗಿ ರೋಗಿಗಳನ್ನು ನೋಡಲು ತರಿಸಿಕೊಂಡ ವಿಲಾಯತಿ ಗಾಡಿ ಅದು. ದುಂಡನೆಯ ದೀಪಗಳು, ಈಗಿನ ಕಾರುಗಳಿಗೆ ತದ್ವಿರುದ್ಧ ದಿಕ್ಕಿಗೆ ತೆರೆಯುವ ಬಾಗಿಲುಗಳು, ಮುಂದೆ ಹ್ಯಾಂಡಲ್ ಹಾಕಿ ತಿರುವುವ ತೂತು. ಪ್ರತಿ ರವಿವಾರ ಅಣ್ಣಾರು ಬಾನೆಟ್ಟು ಎತ್ತಿ, ಅಂಗಿಯ ತೋಳು ಮಡಚಿ, ಅದರ ಕಾರ್ಬುರೇಟರಿನ ಮುಂದೆ ಕುಂತುಬಿಡುತ್ತಿದ್ದರು. ಪೆಟ್ರೋಲು ಮತ್ತು ಗಾಳಿಯನ್ನು ಹದವಾಗಿ ಬೆರೆಸಿ ಎಂಜಿನ್ನಿಗೆ ಕೊಡುವ, ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಡಬ್ಬಿ ಅದು. ಅದರ ಒಂದು ಸಣ್ಣ ಸ್ಕ್ರೂ ತಿರುವುವುದು, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುವುದು, ಮತ್ತೆ ಕೂದಲೆಳೆಯಷ್ಟು ತಿರುವುವುದು. ಮಧ್ಯಾಹ್ನದ ಊಟ ಆರಿ ಹೋಗುತ್ತಿತ್ತು. ವೈನಿ ಒಳಗಿನಿಂದ ಕೂಗಿ ಕೂಗಿ ಸುಮ್ಮನಾಗುತ್ತಿದ್ದರು.

ವೈನಿಗೆ ಆ ಕಾರಿನ ಮೇಲೆ ಹಳೆಯ ಸಿಟ್ಟಿತ್ತು. ಅವರ ತವರು ಕಿತ್ತೂರು. ಮದುವೆ ಮುಗಿಸಿಕೊಂಡು ಗಂಡ ಹೆಂಡತಿ ಅದೇ ಕಾರಿನಲ್ಲಿ ರಾಮದುರ್ಗಕ್ಕೆ ಹೊರಟರಂತೆ. ಯರಗಟ್ಟಿ ದಾಟಿದ ಮೇಲೆ ಅದು ಕೆಮ್ಮಿ, ಕುಂಟಿ, ನಿಂತೇಬಿಟ್ಟಿತು. ಮದುಮಗ ಜರತಾರಿ ರುಮಾಲು ತೆಗೆದಿಟ್ಟು ಬಾನೆಟ್ಟಿನೊಳಗೆ ತಲೆ ಹಾಕಿದ. ಮದುಮಗಳು ಬೇವಿನ ಗಿಡದ ನೆರಳಲ್ಲಿ ಬಾಸಿಂಗ ಹಿಡಿದುಕೊಂಡು ಕುಂತಳು. ಹೊತ್ತು ಇಳಿಯತೊಡಗಿದಾಗ ಶೇಂಗಾ ಹೇರಿಕೊಂಡು ಬಂದ ಟ್ರಕ್ಕಿಗೆ ಕೈ ಮಾಡಿ, ಹೆಂಡತಿಯನ್ನೂ ಜತೆಗಿದ್ದ ಸೋದರತ್ತೆಯನ್ನೂ ಅದರಲ್ಲಿ ಹತ್ತಿಸಿ ಕಳಿಸಿ, ಅಣ್ಣಾರು ಮಾತ್ರ ಕಾರಿನ ಹತ್ತಿರ ಉಳಿದರು.

“ಸೇರು ಒದ್ದು ಒಳಗ ಬರೂ ಹೊತ್ತಿಗೆ ಮಗ್ಗಲಿಗೆ ಗಂಡನ ಇಲ್ಲ ನೋಡ್ರಿ,” ಎಂದು ವೈನಿ ಗೋಡೆಯಾಚೆಯಿಂದ ನನಗೆ ಹೇಳಿದ್ದರು. “ಕೂಡಿದವರೆಲ್ಲಾ ನನ್ನ ಮಾರೀನ ನೋಡ್ತಿದ್ರು. ಅವತ್ತ ಆಣಿ ಮಾಡೇನಿ, ಈ ಗಾಡಿಯೊಳಗ ಮತ್ತ ಕೂಡೂದಿಲ್ಲಂತ.”

ಕೂಡಲೂ ಇಲ್ಲ. ಎಲ್ಲಿಗೆ ಹೋದರೂ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದರು. ಮಕ್ಕಳಾಗಲಿಲ್ಲ ಎಂಬ ಕೊರಗಿನ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. ಕಾರಿನ ಬಗ್ಗೆ ಬೈದದ್ದನ್ನು ಮಾತ್ರ ದಿನಾ ಕೇಳುತ್ತಿದ್ದೆ.

ಒಂದು ಮುಂಜಾನೆ ನಾನು ಡ್ಯೂಟಿಗೆ ಹೊರಡುವ ಹೊತ್ತಿಗೆ ವೈನಿ ನಮ್ಮ ಹಿತ್ತಲ ಬಾಗಿಲಿನಿಂದ ಓಡಿ ಬಂದು ಅಡುಗೆಮನೆಯಲ್ಲೇ ನಿಂತರು. ಕೈಯಲ್ಲಿ ಇನ್ನೂ ರಂಗೋಲಿ ಹಿಟ್ಟಿತ್ತು.

“ಸಿಸ್ಟರ್, ಬರ್ರಿ... ಅವರು ಮಾತಾಡವಲ್ರು.”

ಅಣ್ಣಾರಿಗೆ ಪಾರ್ಶ್ವವಾಯು ಹೊಡೆದಿತ್ತು. ನಮ್ಮವರ ಟೆಂಪೋದಲ್ಲೇ ಬೆಳಗಾವಿಗೆ ಸಾಗಿಸಿದೆವು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು; ಮಾತೂ ಹೋಯಿತು. ಮನೆಗೆ ಕರೆತಂದ ಮೇಲೆ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಹಾಗೇ ಇರುತ್ತಿದ್ದರು. ಗಣಿತ ಕಲಿಸಿದ ಮನುಷ್ಯನಿಗೆ ನೀರು ಬೇಕು ಎನ್ನಲು ಒಂದು ಶಬ್ದ ಸಿಗುತ್ತಿರಲಿಲ್ಲ. ನಾನು ದಿನಾ ಹೋಗಿ ಕೈಕಾಲು ಆಡಿಸುತ್ತಿದ್ದೆ, ಅ, ಆ ಅನ್ನಿಸಲು ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿಬಿಡುತ್ತಿದ್ದರು. ಊಟಕ್ಕೂ ಬಾಯಿ ತೆರೆಯದಂತಾದರು. ಮಾತು ಬರದಿದ್ದರೂ ಪರವಾಗಿಲ್ಲ. ಬದುಕುವ ಮನಸ್ಸೇ ಇಲ್ಲದವರನ್ನು ಉಳಿಸುವುದು ಹೇಗೆ? ವೈನಿಗೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಅವರಿಗೆ ಕಾಣುತ್ತಿತ್ತು.

ಗಾಲಿ ಕುರ್ಚಿ ತಂದಾಗ ಇನ್ನೊಂದು ತೊಡಕಾಯಿತು. ಅಂಗಳದಲ್ಲಿ ಕಾರು ನಿಂತದ್ದರಿಂದ ಕುರ್ಚಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಅವರನ್ನು ಸ್ವಲ್ಪ ಬಿಸಿಲಿಗೆ, ಹೊಳೆಯ ಗಾಳಿಗೆ ಕರೆದೊಯ್ಯಬೇಕು ಎಂದಿದ್ದೆ. ವೈನಿ ಕಾರು ಮಾರುವುದೆಂದು ಠರಾಯಿಸಿದರು. ಹಳೇ ಗಾಡಿಗಳನ್ನು ಕೊಂಡು ರಿಪೇರಿ ಮಾಡಿ ಇಟ್ಟುಕೊಳ್ಳುವ ಹವ್ಯಾಸದ ಒಬ್ಬರು ಕೊಲ್ಹಾಪುರದ ಕಡೆಯಿಂದ ಬಂದರು. ಅವತ್ತು ನಾನೂ ಅಲ್ಲಿದ್ದೆ. ಅವರು ಹೊಸ ಬ್ಯಾಟರಿ ಜೋಡಿಸಿ, ಒಂದಿಷ್ಟು ಪೆಟ್ರೋಲು ಹಾಕಿ, ಹ್ಯಾಂಡಲ್ ಹೊಡೆದರು. ಎಂಜಿನ್ನು ಎಚ್ಚರಾದಂತೆ ಮಾಡಿ, ಎರಡು ಸಲ ಕೆಮ್ಮಿ, ಫಟ್ಟೆಂದು ಸಿಡಿದು ಸತ್ತಿತು.

ಒಳಗಿನಿಂದ ಒಂದು ದನಿ ಬಂತು. ನಾವಿಬ್ಬರೂ ಓಡಿದೆವು. ಅಣ್ಣಾರು ಎಡ ಮೊಣಕೈ ಊರಿ ತಾವೇ ಅರ್ಧ ಎದ್ದಿದ್ದರು. ಮುಖ ಕಿಟಕಿಯ ಕಡೆ ತಿರುಗಿತ್ತು. ಹೊರಗೆ ಮತ್ತೊಮ್ಮೆ ಹ್ಯಾಂಡಲ್ ಹೊಡೆದರು. ಎಂಜಿನ್ನು ಎಲ್ಲಿ ತಪ್ಪಿತೋ ಸರಿಯಾಗಿ ಅಲ್ಲೇ ಅಣ್ಣಾರು ಅಂಗೈಯಿಂದ ಮಂಚಕ್ಕೆ ಹೊಡೆದರು. ಆಮೇಲೆ ಎರಡು ಬೆರಳು ಕೂಡಿಸಿ ಗಾಳಿಯಲ್ಲಿ ಏನನ್ನೋ ತಿರುವಿ ತೋರಿಸಿದರು. ಬಾಯಿಂದ “ಆಂ... ಆಂ...” ಎನ್ನುತ್ತಿದ್ದರು. ಸಿಟ್ಟಿನಿಂದ. ಎಷ್ಟೋ ವಾರಗಳ ಮೇಲೆ ಆ ಮುಖದಲ್ಲಿ ಸಿಟ್ಟು ಕಂಡೆ.

ವೈನಿ ಅವರನ್ನೇ ನೋಡುತ್ತ ನಿಂತರು. ಆಮೇಲೆ ಹೊರಗೆ ಹೋಗಿ, ಆ ಮನುಷ್ಯನಿಗೆ ಹೇಳಿದರು: “ಗಾಡಿ ಕೊಡೂದಿಲ್ರಿ. ನಿಮಗ ಸುಮ್ನ ತ್ರಾಸ ಕೊಟ್ಟೆ. ಚಹಾ ತೊಗೊಂಡು ಹೋಗ್ರಿ.”

ಮರುದಿನ ನಮ್ಮವರು ನಾಲ್ಕು ಜನರನ್ನು ಕರೆದು ಕಾರನ್ನು ಅಂಗಳದ ಒಂದು ಬದಿಗೆ ತಳ್ಳಿಸಿದರು. ಕುರ್ಚಿಗೆ ದಾರಿಯಾಯಿತು. ಆದರೆ ಕುರ್ಚಿ ಹೊಳೆಗೆ ಹೋಗಲಿಲ್ಲ. ಬಾನೆಟ್ಟಿನ ಪಕ್ಕಕ್ಕೆ ಹೋಗಿ ನಿಂತಿತು. ಊರಿನ ಗ್ಯಾರೇಜುಗಳಿಂದ ಇಬ್ಬರು ಬಂದು ನೋಡಿ, ಇಂಥ ಮಾಲು ನಾವು ಮುಟ್ಟಿಲ್ರಿ ಅಕ್ಕಾರ ಎಂದು ಹೋದರು. ಆಗ ವೈನಿ ಸೆರಗು ಸಿಕ್ಕಿಸಿ, ನಟ್ಟು ಬಿಚ್ಚುವ ಅಣ್ಣಾರ ಪಾನಾಗಳ ಪೆಟ್ಟಿಗೆ ತೆರೆದರು.

“ವೈನಿ, ಇದರ ಹೆಸರ ಹೇಳಿದ್ರ ನಿಮಗ ಸಿಟ್ಟ ಬರತಿತ್ತಲ್ರಿ?” ಎಂದೆ.

“ಈಗೂ ಬರತದ,” ಎಂದರು. “ಆದ್ರ ನಾ ಕರದ್ರ ತಿರುಗಿ ನೋಡದವರು ಇದು ಕೆಮ್ಮಿದ್ರ ಎದ್ದು ಕೂತ್ರಲ್ಲ ತಂಗಿ... ಏನ್ ಮಾಡ್ಲಿ ಹೇಳು.”

ಸಿಸ್ಟರ್ ಎನ್ನುತ್ತಿದ್ದವರು ನನ್ನನ್ನು ತಂಗಿ ಎಂದದ್ದು ಅದೇ ಮೊದಲು. ಆಮೇಲೆ ಹಾಗೇ ಉಳಿಯಿತು.

ಅಣ್ಣಾರು ಎಡಗೈ ಬೆರಳಿನಿಂದ ತೋರಿಸುವುದು, ವೈನಿ ಒಂದೊಂದೇ ಪಾನಾ ಎತ್ತಿ ಹಿಡಿಯುವುದು, ಅಲ್ಲ ಎಂದರೆ ಇನ್ನೊಂದು. ಅಂತೂ ಕಾರ್ಬುರೇಟರು ಬಿಚ್ಚಿ ಬಂತು. ಒಳಗೆ ಹಳೇ ಪೆಟ್ರೋಲು ಒಣಗಿ ಗೋಂದಿನಂತೆ ಅಂಟಿಕೊಂಡಿತ್ತು. ಪೆಟ್ರೋಲು ಚಿಮ್ಮುವ ಸಣ್ಣ ತೂತಿನ ಹಿತ್ತಾಳೆಯ ತುಂಡನ್ನು ವೈನಿ ಬಿಸಿಲಿಗೆ ಹಿಡಿದು ನೋಡಿದರು. ಆಚೆಯ ಬೆಳಕು ಕಾಣಲಿಲ್ಲ. ಸೂಜಿ ತರಲು ಎದ್ದವರ ಸೆರಗನ್ನು ಅಣ್ಣಾರು ಹಿಡಿದು ಜಗ್ಗಿದರು. ಸೂಜಿ ಹಾಕಿದರೆ ತೂತು ದೊಡ್ಡದಾಗುತ್ತದೆ ಎಂದು ಅದರ ಅರ್ಥ. ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ಲಿನ ಪಂಪಿನಿಂದ ಗಾಳಿ ಊದಿ ಸ್ವಚ್ಛ ಮಾಡಿದರು. ಬೆಳಕು ಕಂಡಾಗ ವೈನಿ ಅದನ್ನು ಅಣ್ಣಾರ ಕಣ್ಣಿನ ಹತ್ತಿರ ಹಿಡಿದರು. ಅವರು ಒಂದು ಕಣ್ಣು ಮುಚ್ಚಿ ನೋಡಿ ತಲೆಯಾಡಿಸಿದರು. ಅವತ್ತು ಮಧ್ಯಾಹ್ನ ಎರಡು ಭಕ್ಕರಿ ತಿಂದರು.

ಗಾಡಿ ಚಾಲೂ ಆಯಿತು, ಆದರೆ ಕಪ್ಪು ಹೊಗೆ ಉಗುಳುತ್ತಿತ್ತು. ಕಾರ್ಬುರೇಟರಿನಿಂದ ಪೆಟ್ರೋಲು ಹೊರಚೆಲ್ಲಿ ಅಂಗಳವೆಲ್ಲ ವಾಸನೆ. ಒಲೆ ಹೊತ್ತಿಸಲು ವೈನಿ ಹೆದರುತ್ತಿದ್ದರು. ಅಣ್ಣಾರು ಫ್ಲೋಟನ್ನು ತೆಗೆಯಲು ಸನ್ನೆ ಮಾಡಿದರು. ಮನೆಯ ಮೇಲಿನ ನೀರಿನ ಟಾಕಿಯಲ್ಲಿ ಚೆಂಡು ಮೇಲೇರಿ ನೀರು ನಿಲ್ಲಿಸುತ್ತದಲ್ಲ, ಅಂಥದೇ ಒಂದು ಟೊಳ್ಳು ಹಿತ್ತಾಳೆಯ ಡಬ್ಬಿ ಇದರಲ್ಲೂ ಇರುತ್ತದೆ. ವೈನಿ ಅದನ್ನು ಅಣ್ಣಾರ ಕಿವಿಯ ಹತ್ತಿರ ಅಲ್ಲಾಡಿಸಿದರು. ಆಮೇಲೆ ತಮ್ಮ ಕಿವಿಗೆ. ಆಮೇಲೆ ನನ್ನ ಕಿವಿಗೆ. ಒಳಗೆ ಪೆಟ್ರೋಲು ಕುಲುಕುತ್ತಿತ್ತು. ಎಲ್ಲೋ ತೂತಾಗಿ, ತೇಲಬೇಕಾದದ್ದು ಮುಳುಗುತ್ತಿತ್ತು. ಬಿಸಿನೀರಿನ ಪಾತೇಲಿಯಲ್ಲಿ ಅದನ್ನು ಅದ್ದಿದಾಗ ಒಂದು ಮೂಲೆಯಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಎದ್ದವು.

ಒಳಗಿನದನ್ನೆಲ್ಲ ತೆಗೆದು ಒಣಗಿಸಿ, ಸವದತ್ತಿಗೆ ಬಾಡಿಗೆ ಹೋದಾಗ ನಮ್ಮವರು ಅದಕ್ಕೆ ಅಲ್ಲಿಯ ಅಕ್ಕಸಾಲಿ ಪತ್ತಾರರ ಹತ್ತಿರ ಬೆಸುಗೆ ಹಾಕಿಸಿ ತಂದರು. ಆದರೂ ಪೆಟ್ರೋಲು ಚೆಲ್ಲುವುದು ನಿಲ್ಲಲಿಲ್ಲ. ಬೆಸುಗೆ ದಪ್ಪವಾಗಿ ಫ್ಲೋಟು ಭಾರವಾಗಿತ್ತು. ವೈನಿ ಕಟ್ಟೆಯ ಮೇಲೆ ಕುಂತು ನಾಜೂಕಾಗಿ ಕಾನಸು ಹಾಕಿ ಉಜ್ಜಿ ಬೆಸುಗೆ ತೆಳುಮಾಡಿದರು. ಅಷ್ಟು ಮಾಡುವಷ್ಟರಲ್ಲಿ ಅವರಿಗೆ ದಣಿವಾಗುತ್ತಿತ್ತು. ಆಗಾಗ ಕೈ ಹೊಟ್ಟೆಯ ಮೇಲೆ ಒತ್ತಿ ಹಿಡಿಯುತ್ತಿದ್ದರು. ಏನಾತ್ರಿ ಎಂದರೆ, ಬಗ್ಗಿ ಬಗ್ಗಿ ನರ ಹಿಡದದ ಎನ್ನುತ್ತಿದ್ದರು.

ಪೆಟ್ರೋಲು ನಿಂತಿತು. ಈಗ ಇನ್ನೊಂದು ಕಾಟ. ಎಂಜಿನ್ನು ನಿಂತಲ್ಲಿ ಒಂದೇ ಸಮನೆ ಓಡುತ್ತಿರಲಿಲ್ಲ. ಏರುವುದು, ಇಳಿಯುವುದು, ನಡುವೆ ಮಿಸ್ಸಿಂಗ್ ಹೊಡೆಯುವುದು. ಅಣ್ಣಾರು ಬೆರಳಿನಿಂದ ಕಾರ್ಬುರೇಟರು ಎಂಜಿನ್ನಿಗೆ ಕೂಡುವ ಜಾಗ ತೋರಿಸಿ, ಅಡುಗೆಮನೆಯ ಕಡೆ ಕೈ ಮಾಡಿದರು. ನೀರು? ಅಲ್ಲ. ಬಟ್ಟೆ? ಅಲ್ಲ. ವೈನಿ ಒಂದೊಂದಾಗಿ ಡಬ್ಬಿಗಳನ್ನೇ ಹೊತ್ತು ತಂದರು. ಎಣ್ಣೆಯ ಗಿಂಡಿ ಕಂಡಾಗ ಅಣ್ಣಾರ ಮುಖ ಅರಳಿತು. ಎಂಜಿನ್ನು ಓಡುವಾಗಲೇ ಆ ಸಂದಿಗೆ ಸುತ್ತಲೂ ಬತ್ತಿಯಿಂದ ಕುಸುಬಿ ಎಣ್ಣೆ ಸವರಬೇಕು. ಒಂದು ಮಗ್ಗುಲಿಗೆ ಎಣ್ಣೆ ತಾಗಿದ ಕೂಡಲೇ ಸದ್ದು ನೆಟ್ಟಗಾಯಿತು. ಎಣ್ಣೆ ಒಳಗೆ ಎಳೆದುಕೊಂಡ ಮೇಲೆ ಮತ್ತೆ ಕೆಟ್ಟಿತು. ಅಲ್ಲಿಂದಲೇ ಕಳ್ಳಗಾಳಿ ಒಳಗೆ ಹೋಗುತ್ತಿತ್ತು. ನಡುವಿನ ದಪ್ಪ ಕಾಗದದ ಪ್ಯಾಕಿಂಗ್ ಸೀಳಿತ್ತು. ಬೈಲಹೊಂಗಲದಿಂದ ತರಿಸಿದ ಹಾಳೆಯನ್ನು ವೈನಿ ರವಿಕೆ ಹೊಲಿಯುವಾಗಿನ ಕತ್ತರಿಯಿಂದ ಕತ್ತರಿಸಿ ಹೊಸದನ್ನು ಕೂಡಿಸಿದರು.

ಕೊನೆಗೆ ಉಳಿದದ್ದು ಆ ಸಣ್ಣ ಸ್ಕ್ರೂ. ಗಾಳಿ ಎಷ್ಟು, ಪೆಟ್ರೋಲು ಎಷ್ಟು ಎಂದು ಹದ ಮಾಡುವುದು. ವೈನಿ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದರು. ಅಣ್ಣಾರು ಕಣ್ಣು ಮುಚ್ಚಿದರು. ಒಳಗೆ ತಿರುವಿದಾಗ ಎಂಜಿನ್ನು ಉಸಿರು ಹಿಡಿದಂತೆ ಮಾಡಿತು. ಅಣ್ಣಾರು ಕುರ್ಚಿಯ ಕೈ ಬಡಿದರು. ಹೊರಗೆ ತಿರುವಿದಾಗ ಭಾರವಾಗಿ ಗುಡುಗುಟ್ಟಿತು. ವೈನಿ ತಿರುವುತ್ತಲೇ ಇದ್ದರು. ಆಗ ಅಣ್ಣಾರ ಬಾಯಿಂದ ಬಂತು.

“ಹೆ... ಹೆಚ್ಚಾತು.”

ವೈನಿಯ ಕೈ ಅಲ್ಲೇ ನಿಂತಿತು. ತಿರುಗಿ ನೋಡಲಿಲ್ಲ. ನೋಡಿದರೆ ಎಲ್ಲಿ ಆ ಮಾತು ಹಾರಿಹೋಗುತ್ತದೋ ಎನ್ನುವ ಹಾಗೆ ಬಗ್ಗಿಕೊಂಡೇ, “ಎಷ್ಟ ಕಮ್ಮಿ ಮಾಡ್ಲಿ?” ಎಂದು ಕೇಳಿದರು. ಅಣ್ಣಾರು ಬಹಳ ಹೊತ್ತು ತಡಕಾಡಿ “ಒಂಚೂರ” ಎಂದರು. ನನಗೆ ಅಳು ಬಂದಿತ್ತು. ಎಂಜಿನ್ನು ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಓಡತೊಡಗಿತು.

ಅಲ್ಲಿಂದ ಮುಂದೆ ಮಾತು ಬಿಡಿಬಿಡಿಯಾಗಿ ಬಂತು. ಒಂದು ಸಲಕ್ಕೆ ಒಂದೇ ಶಬ್ದ. ಹೆಚ್ಚು, ಕಮ್ಮಿ, ಬಿಸಿ, ಹಾಂ, ಚಹಾ. ವೈನಿ ಹದ ಮಾಡಿದ್ದನ್ನು ತಾವೇ ಬೇಕೆಂದು ಕೆಡಿಸಿ ಇಟ್ಟು, ಮರುದಿನ ಮತ್ತೆ ಅಣ್ಣಾರನ್ನು ಕೇಳಿ ಸರಿ ಮಾಡುತ್ತಿದ್ದರು. ಅಣ್ಣಾರಿಗೆ ಅದು ಗೊತ್ತಾಗುತ್ತಿತ್ತೋ ಏನೋ... ಗೊತ್ತಾದರೂ ತೋರಿಸಿಕೊಳ್ಳಲಿಲ್ಲ. ಆ ದಿನಗಳಲ್ಲಿ ವೈನಿ ಮಧ್ಯಾಹ್ನ ನಮ್ಮ ಮನೆಗೆ ಬಂದು, ಬುದ್ಧನ ಪಟದ ಕೆಳಗೆ ಕಾಲು ಚಾಚಿ ಕುಂತು ಚಹಾ ಕುಡಿಯುತ್ತಿದ್ದರು. ಅವರ ಉಗುರಿನ ಸಂದಿಯಲ್ಲಿ ಕಪ್ಪು ಇರುತ್ತಿತ್ತು. ಅದನ್ನು ನೋಡಿಕೊಂಡು ತಾವೇ ನಗುತ್ತಿದ್ದರು.

ಒಂದು ದಿನ ಅವರೇ ಹೇಳಿದರು, “ತಂಗಿ, ನನಗ ಈ ಗಾಡಿಯೊಳಗ ಕಿತ್ತೂರಿಗೆ ಹೋಗಬೇಕಾಗೇದ. ನಿಮ್ಮವರು ನಡಸ್ತಾರೇನು ಕೇಳು.”

“ಆಣಿ ಏನಾತ್ರಿ ವೈನಿ?”

“ಆಣಿ ನಂದ. ಬಿಡಾಕೂ ನನಗ ಅಧಿಕಾರ ಇಲ್ಲೇನು?”

ನಮ್ಮವರು ಹೂಂ ಎಂದರು. ಚಳಿ ಕಡಿಮೆಯಾಗಿ ಜೋಳದ ಕೊಯ್ಲು ನಡೆದಿದ್ದ ಕಾಲ. ಹಿಂದಿನ ಸೀಟಿನಲ್ಲಿ ವೈನಿ, ಅಣ್ಣಾರು, ಮುಂದೆ ನಾನು. ವೈನಿ ಮದುವೆಯಲ್ಲಿ ಉಟ್ಟಿದ್ದ ಸೀರೆ ಉಟ್ಟಿದ್ದರು. ಮಡಿಕೆಯ ಗೆರೆಗಳಲ್ಲಿ ಅದು ಸವೆದಿತ್ತು. ದಾರಿಯಲ್ಲಿ ಬಸ್ಸಿನವರು ಇಣುಕಿ ನೋಡಿ ಕೈ ಬೀಸುತ್ತಿದ್ದರು. ಯರಗಟ್ಟಿಗೆ ಮೊದಲು ಒಂದು ಕಡೆ ಎಂಜಿನ್ನು ತಣ್ಣಗಾಗಲೆಂದು ನಿಲ್ಲಿಸಿದೆವು. ರಸ್ತೆ ಅಗಲ ಮಾಡಿದ್ದರು. ವೈನಿ ಹೇಳುತ್ತಿದ್ದ ಬೇವಿನ ಗಿಡ ಎಲ್ಲಿಯೂ ಕಾಣಲಿಲ್ಲ. “ಇಲ್ಲೇ ಎಲ್ಲೋ ಇತ್ತು” ಎಂದು ಅವರು ಆ ಕಡೆ ಈ ಕಡೆ ನೋಡುತ್ತಿದ್ದರು. ಆಗ ಅಣ್ಣಾರು ಅವರ ಹೆಸರು ಹಿಡಿದು ಕರೆದರು.

ನಮ್ಮ ಕಡೆ ಅವರ ವಯಸ್ಸಿನ ಗಂಡಸರು ಹೆಂಡತಿಯ ಹೆಸರು ಹೇಳುವುದಿಲ್ಲ. ನಾಲ್ಕು ಜನರ ಮುಂದಂತೂ ಇಲ್ಲವೇ ಇಲ್ಲ. ಕರೆದು, ಅಣ್ಣಾರು ಎಡಗೈಯಿಂದ ವೈನಿಯ ಮೊಣಕೈ ಹಿಡಿದುಕೊಂಡು ನೋಡಿದರು. ವೈನಿ ಮುಖ ಆಚೆ ತಿರುಗಿಸಿಕೊಂಡರು. ನಮ್ಮವರು ಇಳಿದು ಟೈರು ನೋಡುವ ನೆಪ ಮಾಡಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವರಿಬ್ಬರದು.

ಕಿತ್ತೂರಿನಲ್ಲಿ ವೈನಿಯ ಅಣ್ಣನ ಮನೆಯವರು ಕಾರಿಗೂ ಅವರಿಬ್ಬರಿಗೂ ಕೂಡಿಯೇ ಆರತಿ ಎತ್ತಿದರು. ಅವತ್ತು ವೈನಿ ಉಂಡದ್ದು ಕಡಿಮೆ, ನಕ್ಕದ್ದು ಹೆಚ್ಚು. ಗಾಡಿ ಎಲ್ಲಿಯೂ ತಕರಾರು ಮಾಡದೆ ಸಂಜೆಯೊಳಗೆ ರಾಮದುರ್ಗಕ್ಕೆ ತಂದು ಬಿಟ್ಟಿತು. ಮನೆ ಮುಂದೆ ಇಳಿದಾಗ ವೈನಿ ಒಳಗೆ ಹೋಗಲಿಲ್ಲ. ನಾವು ಅಣ್ಣಾರನ್ನು ಕುರ್ಚಿಗೆ ಇಳಿಸುವ ತನಕ ಬಾಗಿಲಲ್ಲೇ ಕಾದು, ಅವರ ಕುರ್ಚಿಯನ್ನು ಮುಂದೆ ಮಾಡಿಕೊಂಡು, ಜತೆಗೇ ಹೊಸ್ತಿಲು ದಾಟಿದರು.

ಅದಾಗಿ ಕೆಲವು ದಿನಗಳ ಮೇಲೆ, ಆಸ್ಪತ್ರೆಯ ಹೊರರೋಗಿಗಳ ಬೆಂಚಿನ ಮೇಲೆ ವೈನಿ ಚೀಟಿ ಹಿಡಿದುಕೊಂಡು ಕುಂತದ್ದನ್ನು ಕಂಡೆ. ಅಣ್ಣಾರಿಗೆ ಏನೋ ಆಯಿತೆಂದು ಹತ್ತಿರ ಓಡಿದೆ.

“ಅವರು ಆರಾಮ ಇದ್ದಾರ. ಇವತ್ತ ನನ್ನ ನೋಡು ತಂಗಿ,” ಎಂದರು.

ಹೊಟ್ಟೆಯಲ್ಲಿ ಗಂಟಿತ್ತು. ಬೆಳಗಾವಿಯಲ್ಲಿ ತಪಾಸಣೆ ಮಾಡಿದವರು, ಬಹಳ ದಿನದ್ದು, ಎಲ್ಲ ಕಡೆ ಹಬ್ಬಿದೆ ಎಂದರು. ನೋವು ಯಾವಾಗಿನಿಂದ ಎಂದು ಕೇಳಿದಾಗ ವೈನಿ ನನ್ನ ಕಡೆ ನೋಡಿ, ಕಣ್ಣು ಕೆಳಗೆ ಮಾಡಿದರು. ಫ್ಲೋಟಿಗೆ ಕಾನಸು ಹಾಕುವ ದಿನಗಳಿಗೂ ಮೊದಲಿನದು. ಆಗಲೇ ಬಂದಿದ್ದರೆ ಎಂದು ನಾನು ಕೇಳಲಿಲ್ಲ. ಅವರೇ ಬಸ್ಸಿನಲ್ಲಿ ಹೇಳಿದರು: “ಆಗ ನಾ ಮಲಕೊಂಡಿದ್ರ ಅವರು ಏಳ್ತಿದ್ದಿಲ್ಲ ತಂಗಿ.”

ಔಷಧ ನಡೆಯಿತು. ಕೂದಲು ಹೋಯಿತು, ಬಣ್ಣ ಹೋಯಿತು. ರವಿವಾರ ಅಂಗಳದಲ್ಲಿ ಎರಡು ಕುರ್ಚಿಗಳು ಬಂದವು. ಒಂದರಲ್ಲಿ ಅಣ್ಣಾರು, ಇನ್ನೊಂದರಲ್ಲಿ ಶಾಲು ಹೊದ್ದ ವೈನಿ. ಬಾನೆಟ್ಟಿನ ಮುಂದೆ ನಾನು. ಸ್ಕ್ರೂಡ್ರೈವರ್ ಹೇಗೆ ಹಿಡಿಯಬೇಕು, ಎಂಜಿನ್ನು ಬಿಸಿಯಾಗುವ ತನಕ ಯಾಕೆ ತಡೆಯಬೇಕು, ತಿರುವಿದ ಮೇಲೆ ಸದ್ದಿಗೆ ಎಷ್ಟು ಹೊತ್ತು ಕೊಡಬೇಕು ಎಂದು ವೈನಿ ಕಲಿಸಿದರು. ಸಿರಿಂಜು ಹಿಡಿಯುವ ಕೈ ನನ್ನದು, ಆದರೂ ತಪ್ಪುತ್ತಿತ್ತು.

“ಅವಸರ ಮಾಡಬ್ಯಾಡ. ತಿರುವೂದು ಕಮ್ಮಿ, ಕೇಳೂದು ಹೆಚ್ಚ,” ಎನ್ನುತ್ತಿದ್ದರು. ಮತ್ತೊಮ್ಮೆ, ಅಣ್ಣಾರು ತೂಕಡಿಸುತ್ತಿದ್ದಾಗ, ದನಿ ತಗ್ಗಿಸಿ, “ನಾ ಇಲ್ದಾಗ ಇದನ್ನ ಬಿಡಬ್ಯಾಡ. ಅವರು ಮತ್ತ ಗ್ವಾಡಿ ಕಡೆ ಮಾರಿ ಮಾಡ್ತಾರ,” ಎಂದರು.

ಮಳೆಗಾಲ ಶುರುವಾಗುವ ಮೊದಲು, ಒಂದು ಮುಂಜಾನೆ, ವೈನಿ ಹೋದರು. ಮನೆಯಲ್ಲೇ. ಅಣ್ಣಾರ ಕುರ್ಚಿ ಮಂಚಕ್ಕೆ ಆನಿಸಿತ್ತು. ನಾನು ನಾಡಿ ಹಿಡಿದು ಕುಂತಿದ್ದೆ. ನಾಡಿ ನಿಂತದ್ದು ನನ್ನ ಬೆರಳಿಗೆ ತಿಳಿಯುವ ಮೊದಲೇ ಅಣ್ಣಾರು ತಲೆ ತಗ್ಗಿಸಿದ್ದರು. ವೈನಿಯ ಉಸಿರಿನ ಸದ್ದನ್ನು ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ...

ವೈನಿ ಹೇಳಿದ್ದಂತೆ ನಾನು ರವಿವಾರ ಬಾನೆಟ್ಟು ಎತ್ತಿದೆ. ನಮ್ಮವರು ಹ್ಯಾಂಡಲ್ ಹೊಡೆದರು. ಅಣ್ಣಾರನ್ನು ಕುರ್ಚಿಯಲ್ಲಿ ತಂದು ನಿಲ್ಲಿಸಿದೆವು. ನಾನು ಸ್ಕ್ರೂ ತಿರುವಿದೆ. ಅವರು ಎತ್ತಲೋ ನೋಡುತ್ತಿದ್ದರು. ಮುಂದಿನ ವಾರವೂ ಹಾಗೇ. ಒಂದೂ ಶಬ್ದವಿಲ್ಲ, ಕುರ್ಚಿಯ ಕೈ ಬಡಿಯುವುದಿಲ್ಲ. ಬಿಟ್ಟುಬಿಡಲೇ ಅನ್ನಿಸುತ್ತಿತ್ತು. ದಸರೆ ಹತ್ತಿರವಾದಾಗ, ಒಂದು ರವಿವಾರ ನಾನು ಎಷ್ಟು ಕೆಡಿಸಿದ್ದೆನೆಂದರೆ ಗಾಡಿ ಎಮ್ಮೆಯ ಹಾಗೆ ಒರಲುತ್ತಿತ್ತು. ಆಗ ಹಿಂದಿನಿಂದ ಬೇಸರದ ದನಿ: “ಕಮ್ಮಿ.” ಅವತ್ತು ನಾನು ವೈನಿಯ ಹಾಗೆಯೇ ಹಿಂದೆ ತಿರುಗಿ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಹೊಳೆ ಬಂತು. ಮೇಲೆ ಸವದತ್ತಿಯ ಕಡೆ ಅಣೆಕಟ್ಟು ತುಂಬಿ ನೀರು ಬಿಟ್ಟಿದ್ದರು. ಮಲಪ್ರಭೆ ಊರೊಳಗೆ ನುಗ್ಗಿತು. ನಮ್ಮ ಓಣಿಗೆ ನೀರು ಮೊ‍ಣಕಾಲಿಗೆ ಬಂದಾಗ ನಮ್ಮವರು ಅಣ್ಣಾರನ್ನು ಬೆನ್ನ ಮೇಲೆ ಹೊತ್ತು ಎತ್ತರದ ಶಾಲೆಗೆ ಮುಟ್ಟಿಸಿದರು. ಕಾರು ಅಂಗಳದಲ್ಲೇ ಉಳಿಯಿತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಸೀಟಿನ ತನಕ ಕೆಸರು. ನಮ್ಮವರು ಕಾರ್ಬುರೇಟರು ಬಿಚ್ಚಿ ಅಣ್ಣಾರ ತೊಡೆಯ ಮೇಲೆ ಇಟ್ಟರು. ಮುಚ್ಚಳ ತೆಗೆದಾಗ ಒಳಗೆ ಎರೆಮಣ್ಣು ಅಚ್ಚು ಹಾಕಿದಂತೆ ತುಂಬಿಕೊಂಡಿತ್ತು. ಅಣ್ಣಾರು ಬೆರಳಿನಿಂದ ಸ್ವಲ್ಪ ತೆಗೆದು ನೋಡಿ, ಬೆರಳನ್ನು ಪಂಚೆಗೆ ಒರೆಸಿಕೊಂಡರು. “ಸಾಕ,” ಎಂದರು. ನಮ್ಮವರು, ತೊಳೀತೇನ್ರಿ ಅಣ್ಣಾರ, ಮತ್ತ ಚಾಲೂ ಮಾಡೂಣು ಎಂದು ಎಷ್ಟು ಹೇಳಿದರೂ ಅವರು ಕುರ್ಚಿಯನ್ನು ಒಳಗೆ ತಿರುಗಿಸಲು ಸನ್ನೆ ಮಾಡಿದರು.

ಮನೆ ವಾಸಕ್ಕೆ ಯೋಗ್ಯವಿರಲಿಲ್ಲ. ಅಣ್ಣಾರ ತಮ್ಮನ ಮಗ ಬಂದು ಅವರನ್ನು ಧಾರವಾಡಕ್ಕೆ ಕರೆದೊಯ್ದ. ಒಳ್ಳೆಯ ಹುಡುಗ, ಚೆನ್ನಾಗಿ ನೋಡಿಕೊಂಡ. ಕಾರನ್ನು ಗುಜರಿಯವರು ತುಂಡು ಮಾಡಿ ಒಯ್ದರು. ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು.

ಒಮ್ಮೆ ಧಾರವಾಡಕ್ಕೆ ಹೋಗಿ ಅಣ್ಣಾರನ್ನು ನೋಡಿದೆ. ರಸ್ತೆಯ ಬದಿಯ ಕೋಣೆ. ಕಿಟಕಿಯ ಹೊರಗೆ ಗಾಡಿಗಳು ಎಡೆಬಿಡದೆ ಹೋಗುತ್ತಿದ್ದವು. ಅವರು ಯಾವುದಕ್ಕೂ ತಲೆ ಎತ್ತಲಿಲ್ಲ. ನನ್ನ ಗುರುತು ಸಿಕ್ಕಿತು. ನಾನು ಸುಮ್ಮನಿರಲಾರದೆ, ವೈನಿ ಬಿಸಿಲಿಗೆ ಹಿಡಿದು ತೂತು ನೋಡಿದ್ದು, ಕಿತ್ತೂರಿನ ಆರತಿ, ಏನೇನೋ ಮಾತಾಡಿದೆ. ಅವರು ಕೇಳಿಸಿಕೊಂಡರು. ಬಹಳ ಹೊತ್ತು ತುಟಿ ಅಲ್ಲಾಡಿಸುತ್ತಿದ್ದು, ಆಮೇಲೆ ಸ್ಪಷ್ಟವಾಗಿ ಹೇಳಿದರು.

“ಆಕಿ ಇಲ್ಲ.”

ಪಾರ್ಶ್ವವಾಯು ಹೊಡೆದ ಮೇಲೆ ಅವರು ಎರಡು ಶಬ್ದ ಕೂಡಿಸಿ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೇ ಕೊನೆ. ಆ ವರ್ಷದ ಚಳಿಯಲ್ಲಿ ಅವರೂ ತೀರಿಕೊಂಡರು.

ಈಗ ನಮ್ಮ ವಾರ್ಡಿನಲ್ಲಿ ಮಾತು ಹೋದವರು ಬಂದರೆ, ಅವರ ಮನೆಯವರು ಕೇಳುವುದು ಒಂದೇ ಪ್ರಶ್ನೆ: ಮತ್ತ ಮಾತಾಡ್ತಾರೇನ್ರಿ ಸಿಸ್ಟರ್? ನಾನು ಅವರಿಗೇ ತಿರುಗಿ ಕೇಳುತ್ತೇನೆ, ಇವರಿಗೆ ಯಾವುದರ ಮೇಲೆ ಬಹಳ ಪ್ರೀತಿ ಇತ್ತು ಎಂದು. ಒಬ್ಬರು ಭಜನೆ ಎನ್ನುತ್ತಾರೆ, ಒಬ್ಬರು ಎತ್ತು ಎನ್ನುತ್ತಾರೆ. ನಿನ್ನೆ ಒಬ್ಬಳು ಹೆಂಗಸು, ಗಂಡನ ಬಾಯಿಂದ ಸುರಿಯುತ್ತಿದ್ದ ಗಂಜಿ ಒರೆಸುತ್ತ, ಸ್ವಲ್ಪ ಯೋಚನೆ ಮಾಡಿ ಹೇಳಿದಳು: “ಏನೂ ಇಲ್ರಿ ಅಕ್ಕಾರ. ನನ್ನ ಬೈಯೂದೊಂದ ಭಾಳ ಪ್ರೀತಿ ಇತ್ರಿ.”

ನನಗೆ ನಗು ಬಂತು. ಅವಳೂ ನಕ್ಕಳು. ಮನೆಗೆ ಬಂದು ಚಹಾ ಸೋಸುವಾಗಲೂ ಅದೇ ಮಾತು ನೆನಪಾಗಿ ಮತ್ತೆ ನಗು ಬಂತು. ಇದನ್ನು ಹೇಳಿ ಕೂಡಿ ನಗೋಣವೆಂದರೆ ವೈನಿ ಇಲ್ಲ.